ಬಳ್ಳಿ, ಗಿರಣಿ, ದೋಣಿ: ಮುಳ್ಳನ್ಕೊಲ್ಲಿಯಲ್ಲಿ ಕಂಡ ಮೂರು ದುಡಿಮೆ

ಉತ್ತಮ ಒಕ್ಕಲುತನ, ಮಧ್ಯಮ ವ್ಯಾಪಾರ, ಕನಿಷ್ಠ ಚಾಕರಿ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಇವತ್ತು ಹೆಣ್ಣು ಕೇಳಲು ಹೋದ ಮನೆಯಲ್ಲಿ ಈ ಗಾದೆ ಹೇಳಿ ನೋಡಿ. ಹುಡುಗ ಬೇಸಾಯ ಮಾಡಿಕೊಂಡಿದ್ದಾನೆ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಚಾಕರಿ ಮೇಲಕ್ಕೆ ಹೋಗಿದೆ, ಒಕ್ಕಲುತನ ಕೆಳಕ್ಕೆ ಬಂದಿದೆ, ವ್ಯಾಪಾರ ಮಾತ್ರ ಇದ್ದ ಕಡೆಯೇ ಇದೆ. ಇನ್ನೊಂದು ಸಂಗತಿ ಗಮನಿಸಿ. ಆ ಗಾದೆಯಲ್ಲಿ ಗಾಣ ಇಲ್ಲ, ಕುಲುಮೆ ಇಲ್ಲ, ಮಗ್ಗ ಇಲ್ಲ. ಮಾಲು ತಯಾರು ಮಾಡುವವನನ್ನು ಹಿರಿಯರು ಲೆಕ್ಕಕ್ಕೇ ಹಿಡಿಯಲಿಲ್ಲ. ನಮ್ಮ ಗಡಿ ಹಳ್ಳಿಗಳ ಪಾಡೂ ಬಹುಪಾಲು ಹಾಗೇ ಉಳಿದಿದೆ.

ಅರ್ಥಶಾಸ್ತ್ರದವರ ಲೆಕ್ಕ ಬೇರೆ. 1930ರ ದಶಕದಲ್ಲಿ ಅಲನ್ ಫಿಶರ್ ಎಂಬವರೂ 1940ರಲ್ಲಿ ಕಾಲಿನ್ ಕ್ಲಾರ್ಕ್ ಎಂಬವರೂ ದೇಶದ ದುಡಿಮೆಯನ್ನೆಲ್ಲ ಮೂರು ಪಾಲು ಮಾಡಿ ತೋರಿಸಿದರು. ನೆಲ, ನೀರು, ಕಾಡುಗಳಿಂದ ನೇರವಾಗಿ ತೆಗೆಯುವುದು ಪ್ರಾಥಮಿಕ ವಲಯ: ಬೇಸಾಯ, ಹೈನು, ಮೀನು, ಗಣಿ. ತೆಗೆದದ್ದನ್ನು ಬೇರೆ ರೂಪಕ್ಕೆ ತರುವುದು ದ್ವಿತೀಯ ವಲಯ: ಗಿರಣಿ, ಕಾರ್ಖಾನೆ, ಮನೆ ಕಟ್ಟುವ ಕೆಲಸ. ಇವೆರಡೂ ಅಲ್ಲದೆ ಜನರಿಗೆ ಬೇಕಾದ ಕೆಲಸ ಮಾಡಿಕೊಡುವುದು ತೃತೀಯ ವಲಯ, ಅಂದರೆ ಸೇವೆ: ಅಂಗಡಿ, ಬಸ್ಸು, ಬ್ಯಾಂಕು, ಶಾಲೆ, ಆಸ್ಪತ್ರೆ. ನಾನು ಎಸ್ಸೆಸ್ಸೆಲ್ಸಿಯಲ್ಲಿ ಇದನ್ನು ಬಾಯಿಪಾಠ ಮಾಡಿ ಬರೆದವನು. ಅರ್ಥವಾಗಲು ಮಾತ್ರ ಕಬಿನಿ ನದಿ ದಾಟಬೇಕಾಯಿತು.

ನದಿಯಾಚೆಯ ಊರು

ನಮ್ಮದು ಶ್ರೀನಿವಾಸಪುರದ ಸೀಮೆ. ಮಾವು ನಮ್ಮ ಬೆಳೆ, ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ. ಮಗಳನ್ನು ಕೊಟ್ಟಿರುವುದು ಹೆಗ್ಗಡದೇವನಕೋಟೆ ತಾಲ್ಲೂಕಿಗೆ. ಬೀಗರು ತಮ್ಮ ಮೂರು ಎಕರೆಯನ್ನು ಕೇರಳದ ಒಬ್ಬ ರೈತರಿಗೆ ಶುಂಠಿ ಬೆಳೆಯಲು ಗುತ್ತಿಗೆ ಕೊಟ್ಟಿದ್ದರು. ಗುತ್ತಿಗೆ ಮುಗಿಯುತ್ತ ಬಂದಿತ್ತು. ಮುಂದುವರಿಸುವ ಮಾತಾಡಿ ಬರೋಣ ಬನ್ನಿ ಬೀಗರೇ ಎಂದು ಮೆಣಸಿನ ಕೊಯ್ಲಿನ ದಿನಗಳಲ್ಲಿ ನನ್ನನ್ನೂ ಕರೆದುಕೊಂಡು ಹೊರಟರು. ಆ ರೈತರ ಊರೇ ವಯನಾಡು ಜಿಲ್ಲೆಯ ಮುಳ್ಳನ್ಕೊಲ್ಲಿ.

ಮೈಸೂರಿನಿಂದ ಕೋಟೆ, ಅಂತರಸಂತೆ ದಾಟಿ ನಾಗರಹೊಳೆ ಕಾಡಿನೊಳಗೆ ಹೋದರೆ ಬೈರಕುಪ್ಪೆ ಸಿಗುತ್ತದೆ. ಕರ್ನಾಟಕ ಅಲ್ಲಿಗೆ ಮುಗಿಯಿತು. ಎದುರು ದಡ ಪೆರಿಕ್ಕಲ್ಲೂರು, ಅದು ಮುಳ್ಳನ್ಕೊಲ್ಲಿ ಪಂಚಾಯಿತಿಗೆ ಸೇರಿದ್ದು. ನಡುವೆ ಕಬಿನಿ. ಇಲ್ಲಿ ಸೇತುವೆ ಆಗುತ್ತದೆ ಎಂದು 1990ರ ದಶಕದಲ್ಲೇ ಅಡಿಗಲ್ಲು ಬಿದ್ದರೂ ಜನ ದಾಟುತ್ತಿರುವುದು ದೋಣಿಯಲ್ಲೇ. ಕೊಡಗಿನ ಕಡೆ ಕೊಲ್ಲಿ ಎಂದರೆ ಹಳ್ಳ. ಆ ಮಾತು ಗೊತ್ತಿದ್ದವರಿಗೆ ಈ ಊರಿನ ಹೆಸರು ಪರಕೀಯ ಅನ್ನಿಸುವುದಿಲ್ಲ. ಮಲಯಾಳದಲ್ಲಿ ಅಕ್ಕರೆ ಎಂದರೆ ಆಚೆ ದಡ. ನಮ್ಮಲ್ಲಿ ಅಕ್ಕರೆ ಎಂದರೆ ಪ್ರೀತಿ. ಪದ ಒಂದೇ ಥರ ಕೇಳಿಸುತ್ತದೆ, ದಾಟಿ ಹೋಗುವುದಕ್ಕೆ ಎರಡೂ ಬೇಕು.

ಮುಳ್ಳನ್ಕೊಲ್ಲಿ, ಅದರ ಪಕ್ಕದ ಪುಲ್ಪಳ್ಳಿ ಕಡೆಯ ಬಹಳ ಕುಟುಂಬಗಳು ಕಳೆದ ಶತಮಾನದ ನಡುಭಾಗದಲ್ಲಿ ತಿರುವಾಂಕೂರಿನ ಕಡೆಯಿಂದ ಬಂದು ನೆಲೆಸಿದವು. ಅವರಿಗಿಂತ ಬಹಳ ಮುಂಚಿನಿಂದ ಇರುವವರು ಪಣಿಯ, ಕುರುಮ, ಕಾಟ್ಟುನಾಯ್ಕ ಮೊದಲಾದ ಬುಡಕಟ್ಟಿನವರು. ಕಾಟ್ಟುನಾಯ್ಕರ ಮಾತು ನಮ್ಮ ಜೇನುಕುರುಬರ ಮಾತಿಗೆ ಹತ್ತಿರ, ಗಮನವಿಟ್ಟು ಕೇಳಿದರೆ ಕನ್ನಡಿಗನಿಗೆ ಅರ್ಧ ತಿಳಿಯುತ್ತದೆ.

ಬಳ್ಳಿಯ ಕಾಲ

ನಾವು ಹೋದ ಮನೆಯ ಹಿರಿಯರಿಗೆ ಎಪ್ಪತ್ತು ದಾಟಿದೆ. ಶುಂಠಿಯ ಗದ್ದೆಗಳಲ್ಲಿ ಕೂಲಿಯವರ ಜತೆ ಕಲಿತ ಕನ್ನಡ. ನಾನು ಅವರನ್ನು ಚೇಟ್ಟಾ ಎಂದರೆ ಅವರು ನನ್ನನ್ನು ಸಾರೇ ಎನ್ನುತ್ತಿದ್ದರು. ಅಂಗಳದಲ್ಲಿ ಮೆಣಸು ಒಣಗುತ್ತಿತ್ತು. ಒಂದು ಕಾಲಕ್ಕೆ ಅಂಗಳ ಸಾಲದೆ ಮನೆಯ ಮಾಳಿಗೆಯ ಮೇಲೆಲ್ಲ ಹರಡುತ್ತಿದ್ದರಂತೆ.

ಕಾಳುಮೆಣಸಿಗೆ ಪುಲ್ಪಳ್ಳಿ, ಮುಳ್ಳನ್ಕೊಲ್ಲಿ ಹೆಸರುವಾಸಿಯಾಗಿದ್ದ ಸೀಮೆ. 1999ರ ಹೊತ್ತಿಗೆ ಕಿಲೋಗೆ ಇನ್ನೂರು ರೂಪಾಯಿ ದಾಟಿತ್ತು. "ಆಗ ಜೀಪು ಬಂತು ಸಾರೇ, ತಾರಸಿ ಮನೆ ಬಂತು, ಮಕ್ಕಳು ದೊಡ್ಡ ಶಾಲೆಗೆ ಹೋದರು. ಬಳ್ಳಿ ಇರೋತನಕ ಬ್ಯಾಂಕಿನವರೇ ಕರೆದು ಸಾಲ ಕೊಟ್ಟರು" ಎಂದರು ಚೇಟ್ಟನ್.

ಆಮೇಲೆ ನಡೆದದ್ದು ಒಂದಲ್ಲ, ನಾಲ್ಕಾರು. ವಿಯೆಟ್ನಾಂ ದೇಶ ಮೆಣಸು ಬೆಳೆದು ಲೋಕದ ಮಾರುಕಟ್ಟೆಗೆ ಸುರಿಯಿತು. ಶ್ರೀಲಂಕಾದ ಜತೆ 1998ರಲ್ಲಿ ಮಾಡಿಕೊಂಡ ಮುಕ್ತ ವ್ಯಾಪಾರದ ಒಪ್ಪಂದ 2000ದಲ್ಲಿ ಜಾರಿಗೆ ಬಂದು ಆ ಕಡೆಯಿಂದಲೂ ಮೆಣಸು ಇಳಿಯಿತು. 2005ರ ಆಸುಪಾಸಿನಲ್ಲಿ ಬೆಲೆ ಎಪ್ಪತ್ತಕ್ಕೆ ಬಂದಿತ್ತು. ಅದೇ ವರ್ಷಗಳಲ್ಲಿ ಸೊರಗು ರೋಗ ತೋಟಕ್ಕೆ ತೋಟವನ್ನೇ ಒಣಗಿಸಿತು. ಬಳ್ಳಿ ಹಬ್ಬಿಸಿದ್ದ ಹಾಲವಾಣದ ಮರಗಳಿಗೆ ಗಂಟುಕಣಜ ಬಿದ್ದು ಮರಗಳೂ ಸತ್ತವು. ಅದರ ಮೇಲೆ ಮಳೆ ಕೈಕೊಟ್ಟಿತು. ವಯನಾಡೆಂದರೆ ಮಳೆಯ ನಾಡು ಎಂದುಕೊಳ್ಳುತ್ತೇವೆ, ಆದರೆ ಗಡಿಯಂಚಿನ ಈ ಪಂಚಾಯಿತಿಗೆ ಮಳೆ ಕಡಿಮೆ. ಪಕ್ಕದಲ್ಲೇ ಕಬಿನಿ ಹರಿದರೂ ಬೇಸಿಗೆಯಲ್ಲಿ ಬಾವಿ ಬತ್ತುತ್ತದೆ.

ಸಾಲ ತೀರಿಸಲಾಗದೆ ಆ ವರ್ಷಗಳಲ್ಲಿ ವಯನಾಡಿನಲ್ಲಿ ನೂರಾರು ರೈತರು ಜೀವ ಕಳೆದುಕೊಂಡರು. 2006ರಲ್ಲಿ ಕೇಂದ್ರ ಸರಕಾರ ನಾಲ್ಕು ರಾಜ್ಯಗಳ 31 ಜಿಲ್ಲೆಗಳಿಗೆ ವಿಶೇಷ ಪ್ಯಾಕೇಜು ಘೋಷಿಸಿದಾಗ ಆ ಪಟ್ಟಿಯಲ್ಲಿ ವಯನಾಡು, ಕಾಸರಗೋಡು, ಕೊಡಗು ಮೂರೂ ಇದ್ದವು. ಅದೇ ವರ್ಷ ಕೇರಳ ಸರಕಾರ ರೈತರ ಸಾಲ ಪರಿಹಾರ ಆಯೋಗಕ್ಕೆ ಕಾನೂನು ಮಾಡಿತು.

ಪ್ರಾಥಮಿಕ ವಲಯದ ಮೊದಲ ಗುಣ ಇಲ್ಲೇ ಕಾಣುತ್ತದೆ. ಜೂನ್ ಮಳೆಗೆ ಹೂ ಕಟ್ಟಿದ ಬಳ್ಳಿ ಕೊಯ್ಲಿಗೆ ಬರಲು ಏಳೆಂಟು ತಿಂಗಳು ಬೇಕು. ಹೊಸ ಬಳ್ಳಿಯಾದರೆ ಮೂರು ನಾಲ್ಕು ವರ್ಷ. ಬೆಲೆ ಬಿತ್ತು ಎಂದು ಬಳ್ಳಿಯನ್ನು ಅರ್ಧಕ್ಕೆ ನಿಲ್ಲಿಸಲಾಗದು, ಬೆಲೆ ಏರಿತು ಎಂದು ಅವಸರ ಮಾಡಲೂ ಆಗದು. ನಮ್ಮ ಮಂಡಿಯಲ್ಲಿ ತೆಲುಗಿನವರು ಹೇಳುವಂತೆ, ಪಂಟ ಉಂಟೇ ರೇಟು ಲೇದು, ರೇಟು ಉಂಟೇ ಪಂಟ ಲೇದು. ಬೆಳೆ ಇದ್ದರೆ ರೇಟಿಲ್ಲ, ರೇಟಿದ್ದರೆ ಬೆಳೆಯಿಲ್ಲ.

ಗಿರಣಿ ಎಲ್ಲಿದೆ?

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಎರಡನೇ ವಲಯದ ಮೇಲೆ ಹುಟ್ಟಿದ್ದು. ಆದರೂ ಕುಂಬಾರನಿಗೆ ಒಂದು ಅನುಕೂಲವಿದೆ. ಸಂತೆಯಲ್ಲಿ ಮಡಕೆ ಹೋಗದಿದ್ದರೆ ಚಕ್ರ ನಿಲ್ಲಿಸಬಹುದು, ಸುಟ್ಟ ಮಡಕೆಯನ್ನು ಮುಂದಿನ ಸಂತೆಗೆ ಇಡಬಹುದು. ರೈತನಿಗೆ ಇಲ್ಲದ ಅಧಿಕಾರ ಅದು.

ಮುಳ್ಳನ್ಕೊಲ್ಲಿಯಲ್ಲಿ ಈ ವಲಯ ಎಲ್ಲಿದೆ ಎಂದು ಹುಡುಕಿದೆ. ಮನೆ ಕಟ್ಟುವ ಮೇಸ್ತ್ರಿಗಳು ಕಂಡರು, ಚಿಕ್ಕಪುಟ್ಟ ಗಿರಣಿ ಕಂಡವು. ಆದರೆ ಊರಿನ ಮುಖ್ಯ ಬೆಳೆಗಳನ್ನು ದೊಡ್ಡ ಮಟ್ಟದಲ್ಲಿ ಬೇರೆ ರೂಪಕ್ಕೆ ತರುವ ಕೆಲಸ ದೂರದಲ್ಲಿದೆ. ಮೆಣಸನ್ನು ಕೊಳ್ಳುವುದು ಮಲಂಚರಕ್ಕು ಅಂಗಡಿ, ಅಂದರೆ ಮಲೆಯ ಸರಕಿನ ಅಂಗಡಿ. ಒಂದು ಲೀಟರು ಅಳತೆಗೆ ಎಷ್ಟು ಗ್ರಾಂ ತೂಗುತ್ತದೆ, ತೇವ ಎಷ್ಟಿದೆ ಎಂದು ನೋಡಿ ದರ ಹೇಳುತ್ತಾರೆ. ಆ ದರದ ಮೂಲ ಕೊಚ್ಚಿ. ಕೊಚ್ಚಿಯ ಹತ್ತಿರದ ಕೋಲಂಚೇರಿ ಕಡೆ 1972ರಲ್ಲಿ ಶುರುವಾದ ಸಿಂಥೈಟ್‌ನಂಥ ಕಂಪನಿಗಳು ಮೆಣಸಿನ ಸತ್ವ ತೆಗೆದು ಡಬ್ಬಿ ತುಂಬಿ ಹೊರದೇಶಕ್ಕೆ ಕಳಿಸುತ್ತವೆ. ಹತ್ತಾರು ಕಿಲೊ ಮೆಣಸಿನ ಖಾರ, ವಾಸನೆ ಒಂದು ಕಿಲೊ ಸತ್ವದಲ್ಲಿ ಅಡಗಿರುತ್ತದೆ. ಅಲ್ಲಿ ಬೆವರಿಗಿಂತ ಯಂತ್ರ, ಬಂಡವಾಳ, ಪ್ರಯೋಗಾಲಯದ ಲೆಕ್ಕ ಹೆಚ್ಚು. ಮಳೆ ಬಂದರೂ ಬಾರದಿದ್ದರೂ ಮೆಣಸು ವಿಯೆಟ್ನಾಮಿನಿಂದ ತಂದಾದರೂ ಯಂತ್ರ ಓಡಿಸಬಹುದು.

ಒಂದು ಕಡೆ ಮಾತ್ರ ಈ ಊರಿನವರು ಎರಡನೇ ವಲಯಕ್ಕೆ ಕಾಲಿಟ್ಟಿದ್ದಾರೆ, ಅದು ಹಾಲು. ಮೆಣಸು ಕೈಬಿಟ್ಟ ಮೇಲೆ ಮನೆಮನೆಗೂ ಹಸು ಬಂತು. ಬೆಳಿಗ್ಗೆ ಸಂಘದ ಮುಂದೆ ಕ್ಯಾನು ಹಿಡಿದು ಸಾಲು ನಿಲ್ಲುತ್ತಾರೆ. ಹಸು ಒಂದನೇ ವಲಯ, ಹಾಲು ತಂಪು ಮಾಡಿ ಪ್ಯಾಕೆಟ್ಟು ಮಾಡುವ ಡೇರಿ ಎರಡನೆಯದು, ಅಂಗಡಿಗೆ ಸಾಗಿಸುವುದು ಮೂರನೆಯದು. ಮೂರೂ ಉತ್ಪಾದಕರದೇ ಸಹಕಾರಿ ಸಂಸ್ಥೆಯ ಕೈಯಲ್ಲಿವೆ. ಆ ಕಡೆ ಮಿಲ್ಮಾ, ನಮ್ಮ ಕಡೆ ನಂದಿನಿ. ಹಾಲಿನಷ್ಟು ಬೇಗ ಕೆಡುವ ಸರಕು ಇನ್ನೊಂದಿಲ್ಲ, ಆದರೂ ಹಾಲಿನ ಬೆಲೆ ಮೆಣಸಿನಂತೆ ಮೂರರಲ್ಲಿ ಒಂದು ಪಾಲಿಗೆ ಇಳಿದದ್ದು ಕಾಣೆ. ಯೋಚನೆ ಮಾಡಬೇಕಾದ ವಿಷಯ.

ದೋಣಿಯ ಲೆಕ್ಕ

ಪೆರಿಕ್ಕಲ್ಲೂರಿನ ದಡದಿಂದ ಕೋಟ್ಟಯಂ ಕಡೆಗೆ ದೂರದ ಬಸ್ಸುಗಳು ಹೊರಡುತ್ತವೆ. ಹೆಚ್ಚು ಕಮ್ಮಿ ಕಾಡಿನಂಚಿನ ಊರು, ಆದರೆ ಬಸ್ಸು ರಾಜ್ಯದ ಇನ್ನೊಂದು ತುದಿಗೆ! ಬೈರಕುಪ್ಪೆಯವರು ಅಂಗಡಿಗೆ, ಔಷಧಿಗೆ, ಶಾಲೆಗೆ ನದಿ ದಾಟಿ ಈ ಕಡೆಗೇ ಬರುತ್ತಾರೆ. ಚೇಟ್ಟನ್ ಅವರ ಮಗಳು ನರ್ಸು, ಹೊರದೇಶದಲ್ಲಿದ್ದಾಳೆ. ಮನೆಯ ಸಾಲ ತೀರಿದ್ದು ಬಳ್ಳಿಯಿಂದಲ್ಲ, ಅವಳ ಸಂಬಳದಿಂದ. ಇದೆಲ್ಲ ಮೂರನೇ ವಲಯ. ಕೇರಳದ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಇದರಿಂದಲೇ ಬರುತ್ತದೆ. ಬೆಂಗಳೂರಿನ ಕೃಪೆಯಿಂದ ನಮ್ಮ ಕರ್ನಾಟಕದ್ದೂ ಅದೇ ಕತೆ. ವ್ಯಾಪಾರಿ ಮಿತ್ರರೇ, ನೀವು ಮಾರುವುದು ಹೊಲದ ಸರಕಾದರೂ ಲೆಕ್ಕದಲ್ಲಿ ನೀವೂ ಮೂರನೆಯವರೇ.

ಈ ವಲಯದ ಗುಣವನ್ನು ನನಗೆ ತಿಳಿಸಿದವರು ದೋಣಿಯವರು. "ಜಾಗ ಖಾಲಿ ಹೋದರೆ ಹೋಯಿತು ಸ್ವಾಮಿ, ನಾಳೆ ಅದೇ ಜಾಗಕ್ಕೆ ಎರಡು ಸಲ ಚಾರ್ಜು ತಗೊಳೋಕಾಗುತ್ತಾ?" ಮೆಣಸನ್ನು ಚೀಲದಲ್ಲಿ ಕಟ್ಟಿಡಬಹುದು, ಮಡಕೆಯನ್ನು ಅಟ್ಟದಲ್ಲಿಡಬಹುದು. ದೋಣಿಯ ಒಂದು ಸಲದ ದಾಟನ್ನು, ಲಾಡ್ಜಿನ ಒಂದು ರಾತ್ರಿಯನ್ನು, ಡಾಕ್ಟರ ಒಂದು ಗಂಟೆಯನ್ನು ಕಟ್ಟಿಡಲು ಆಗದು. 2020ರಲ್ಲಿ ಕೊರೊನಾ ಬಂದು ಗಡಿ ಮುಚ್ಚಿದಾಗ ಕಡವು ಬರಿದಾಯಿತು. ಆ ದಿನಗಳ ದುಡಿಮೆ ತಿರುಗಿ ಬರಲಿಲ್ಲ. 2024ರ ಜುಲೈ 30ರಂದು ಮುಂಡಕ್ಕೈ, ಚೂರಲ್‌ಮಲ ಕಡೆ ಭೂಕುಸಿತವಾಯಿತು. ಆ ಜಾಗಕ್ಕೂ ಮುಳ್ಳನ್ಕೊಲ್ಲಿಗೂ ಬಹಳ ದೂರ. ಆದರೂ ವಯನಾಡು ಎಂಬ ಹೆಸರು ಕೇಳಿಯೇ ಪ್ರವಾಸಿಗರು ಹಿಂದೆ ಸರಿದರು, ಜಿಲ್ಲೆಗೆಲ್ಲ ರೂಮುಗಳು ಖಾಲಿ ಬಿದ್ದವು.

ಸೇವೆಯಲ್ಲೂ ಎಲ್ಲರೂ ಒಂದೇ ಅಲ್ಲ. ನರ್ಸಿನ ವಿದ್ಯೆ ಆಕೆಯ ಜತೆ ಹೊರದೇಶಕ್ಕೂ ಹೋಗುತ್ತದೆ. ದೋಣಿಯವರ ದುಡಿಮೆ ಈ ಒಂದು ದಡಕ್ಕೆ ಕಟ್ಟಿಹಾಕಿದ್ದು. ಇನ್ನು ನಮ್ಮ ಜತೆ ದೋಣಿಯಲ್ಲಿ ದಾಟಿದ ಹೆಂಗಸರಿದ್ದರು, ಮೆಣಸು ಬಿಡಿಸುವ ಕೂಲಿಗೆ ಹೊರಟವರು. ಅವರು ಒಂದನೇ ವಲಯದವರು, ಆದರೆ ನೆಲ ಅವರದಲ್ಲ, ಬಳ್ಳಿ ಅವರದಲ್ಲ. ಬೆಲೆ ಏರಿದರೆ ಅವರ ಕೂಲಿ ತಕ್ಷಣ ಏರದು, ಬಿದ್ದರೆ ಕೆಲಸವೇ ನಿಲ್ಲುತ್ತದೆ.

ದೇಶದ ಲೆಕ್ಕವನ್ನೂ ಇಲ್ಲೇ ನೋಡೋಣ. 1950-51ರಲ್ಲಿ ರಾಷ್ಟ್ರದ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಬೇಸಾಯ ಮತ್ತು ಅದರ ಜತೆಯ ಕಸುಬುಗಳಿಂದ ಬರುತ್ತಿತ್ತು. ಈಗ ಐದರಲ್ಲಿ ಒಂದು ಪಾಲೂ ಇಲ್ಲ. ಆದರೆ 2023-24ರ ಕಾರ್ಮಿಕ ಸಮೀಕ್ಷೆಯ ಪ್ರಕಾರ ದುಡಿಯುವ 100 ಜನರಲ್ಲಿ 46 ಮಂದಿ ಬೇಸಾಯದಲ್ಲೇ ಇದ್ದಾರೆ. ಊಟಕ್ಕೆ ಕೂತವರು ಅರ್ಧದಷ್ಟು ಮಂದಿ, ಅವರ ಎಲೆಗೆ ಬೀಳುವುದು ಐದನೇ ಒಂದು ಪಾಲಿಗೂ ಕಡಿಮೆ. ರೈತನ ಮನೆಗೆ ಹೆಣ್ಣು ಕೊಡಲು ಹಿಂಜರಿಯುವವರನ್ನು ಬೈದು ಪ್ರಯೋಜನವಿಲ್ಲ, ಅವರಿಗೂ ಲೆಕ್ಕ ಗೊತ್ತಿದೆ.

ಕಾಯುವ ಶಕ್ತಿ ಯಾರದು?

ಮುಳ್ಳನ್ಕೊಲ್ಲಿಯಲ್ಲಿ ಕುಳಿತು ಇದನ್ನೆಲ್ಲ ಕೇಳುವಾಗ ನನಗೆ ನೆನಪಾದದ್ದು ನಮ್ಮ ಇನ್ನೊಂದು ಗಡಿ. ಶ್ರೀನಿವಾಸಪುರ ಸೀಮೆಯ ತೋತಾಪುರಿ ಮಾವು ಹೋಗುವುದು ಆಂಧ್ರದ ಚಿತ್ತೂರು ಜಿಲ್ಲೆಯ ತಿರುಳಿನ ಕಾರ್ಖಾನೆಗಳಿಗೆ. ತೋಟ ಈ ರಾಜ್ಯದಲ್ಲಿ, ಕಾರ್ಖಾನೆ ಆ ರಾಜ್ಯದಲ್ಲಿ. 2025ರ ಜೂನ್‌ನಲ್ಲಿ ಹೊರರಾಜ್ಯದ ತೋತಾಪುರಿ ಒಳಗೆ ಬರಕೂಡದು ಎಂದು ಚಿತ್ತೂರು ಜಿಲ್ಲಾಡಳಿತ ಆದೇಶ ಮಾಡಿತು. ತಮ್ಮ ಜಿಲ್ಲೆಯ ರೈತರಿಗೇ ಬೆಲೆ ಸಿಗುತ್ತಿಲ್ಲ ಎಂಬುದು ಅವರ ಕಾರಣ. ಹಿಂದಿನ ವರ್ಷದ ತಿರುಳೇ ಕಾರ್ಖಾನೆಗಳಲ್ಲಿ ಮಾರಾಟವಾಗದೆ ಉಳಿದಿತ್ತು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಚಂದ್ರಬಾಬು ನಾಯ್ಡು ಅವರಿಗೆ ಪತ್ರ ಬರೆದರು. ಜುಲೈನಲ್ಲಿ ಕೇಂದ್ರ ಸರಕಾರ ಕರ್ನಾಟಕದ ಎರಡೂವರೆ ಲಕ್ಷ ಟನ್ ಮಾವಿಗೆ ಕ್ವಿಂಟಾಲಿಗೆ 1,616 ರೂಪಾಯಿ ಲೆಕ್ಕದಲ್ಲಿ ಬೆಲೆ ವ್ಯತ್ಯಾಸ ತುಂಬಿಕೊಡಲು ಒಪ್ಪಿತು. ಅಷ್ಟರಲ್ಲಿ ಎಷ್ಟೋ ಮಾವು ರಸ್ತೆಬದಿ ಸೇರಿತ್ತು.

ಮಾವಿನ ಹಣ್ಣು ನಾಲ್ಕು ದಿನ ಕಾಯುತ್ತದೆ. ಅದೇ ಮಾವಿನ ತಿರುಳು ಗಾಳಿಯಾಡದ ಚೀಲದಲ್ಲಿ ವರ್ಷಕ್ಕೂ ಮೀರಿ ಕಾಯುತ್ತದೆ. ಯಾರ ಸರಕು ಹೆಚ್ಚು ದಿನ ಕಾಯುತ್ತದೋ ಬೆಲೆ ಹೇಳುವುದು ಅವರೇ. ಮೂರು ವಲಯಗಳಿಗೆ ಇರುವ ವ್ಯತ್ಯಾಸವನ್ನು ಪುಸ್ತಕದವರು ಹೇಗೆ ಬೇಕಾದರೂ ಹೇಳಲಿ, ನನಗೆ ಕಂಡದ್ದು ಇಷ್ಟು. ಒಂದನೆಯದಕ್ಕೆ ಕಾಲ ಯಜಮಾನ. ಎರಡನೆಯದು ಕಾಲವನ್ನು ಡಬ್ಬಿಯಲ್ಲಿ ಹಿಡಿದಿಡುತ್ತದೆ. ಮೂರನೆಯದು ಕಾಲವನ್ನೇ ಮಾರುತ್ತದೆ, ಮಾರದ ಕಾಲ ಅದಕ್ಕೆ ನಷ್ಟ.

ಆದರೆ ಸರಕು ಕಾದರೆ ಸಾಲದು, ಮನುಷ್ಯನೂ ಕಾಯಬೇಕು. ಒಣಗಿದ ಮೆಣಸು ವರ್ಷಗಟ್ಟಲೆ ಕೆಡುವುದಿಲ್ಲ. ಆದರೂ ಮುಳ್ಳನ್ಕೊಲ್ಲಿಯ ಸಣ್ಣ ರೈತ ಎಪ್ಪತ್ತಕ್ಕೇ ಕೊಟ್ಟ, ಯಾಕೆಂದರೆ ಬ್ಯಾಂಕಿನ ಕಂತು ಕಾಯಲಿಲ್ಲ, ಮಗುವಿನ ಫೀಸು ಕಾಯಲಿಲ್ಲ. 2014-15ರ ಹೊತ್ತಿಗೆ ಮೆಣಸು ಏಳುನೂರರ ಹತ್ತಿರ ಹೋಯಿತು. ಮತ್ತೆ ಬಿತ್ತು. 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿಗಿಂತ ಅಗ್ಗದ ಮೆಣಸು ಹೊರಗಿನಿಂದ ಬರದಂತೆ ಕೇಂದ್ರ ತಡೆ ಹಾಕಬೇಕಾಯಿತು. ಏಳುನೂರರ ಕಾಲಕ್ಕೆ ಎಷ್ಟೋ ತೋಟಗಳಲ್ಲಿ ಬಳ್ಳಿಯೇ ಇರಲಿಲ್ಲ. ಹಾಲು ಉಳಿದದ್ದು ಹೇಗೆ ಎಂಬುದಕ್ಕೂ ಉತ್ತರ ಇದರಲ್ಲೇ ಇದೆ. ಕಾಯುವ ಯಂತ್ರವೂ ವಾರವಾರದ ಬಟವಾಡೆಯೂ ರೈತರ ಸಂಘದ ಕೈಯಲ್ಲೇ ಇವೆ.

ಕೇಳಿಕೊಳ್ಳಬೇಕಾದ ಮೂರು ಮಾತು

ಬೀಗರ ಮನೆಯಲ್ಲಿ ಈಗ ಇದೇ ಚರ್ಚೆ. ಬೀಗರಿಗೆ ಇನ್ನೊಂದು ಸಲ ನೆಲವನ್ನು ಶುಂಠಿಗೇ ಕೊಡುವ ಮನಸ್ಸು. ಗುತ್ತಿಗೆ ಹಣ ಮುಂಗಡ ಸಿಗುತ್ತದೆ, ನಿಜ. ಆದರೆ ಶುಂಠಿ ತೆಗೆದ ನೆಲ ಸುಧಾರಿಸಿಕೊಳ್ಳಲು ಕಾಲ ಹಿಡಿಯುತ್ತದೆ. ಬೆಳೆಯುವವರದೂ ಜೂಜೇ. 2023ರಲ್ಲಿ 60 ಕಿಲೊ ಚೀಲಕ್ಕೆ ಹತ್ತು ಸಾವಿರ ದಾಟಿದ ಶುಂಠಿಗೆ ಅದಕ್ಕೆ ಎರಡು ವರ್ಷ ಮುಂಚೆ ಸಾವಿರ ಸಿಗುವುದೂ ಕಷ್ಟವಿತ್ತು. ಕಿರಿಯ ಮಗ ಸಾಲ ಮಾಡಿ ಕಾರು ಕೊಂಡು ಕಬಿನಿ ರೆಸಾರ್ಟುಗಳಿಗೆ ಬಾಡಿಗೆ ಓಡಿಸುತ್ತೇನೆ ಅನ್ನುತ್ತಾನೆ. "ನೀವಾದರೂ ಅಪ್ಪನಿಗೆ ಹೇಳಿ ಮಾವ" ಎಂದು ನನ್ನನ್ನೇ ಹಿಡಿದುಕೊಂಡ.

ನಾನು ಅವನಿಗೂ ಅವರಪ್ಪನಿಗೂ ಒಂದೇ ಮಾತು ಹೇಳಿದೆ. ಯಾವ ಕಸುಬಿಗೇ ಕೈ ಹಾಕಿ, ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ನನ್ನ ಸರಕು ಎಷ್ಟು ದಿನ ಕಾಯುತ್ತದೆ? ನಾನು ಎಷ್ಟು ದಿನ ಕಾಯಬಲ್ಲೆ? ನನ್ನ ಎದುರು ಕೂತು ಬೆಲೆ ಹೇಳುವವನು ಎಷ್ಟು ದಿನ ಕಾಯಬಲ್ಲ? ಕಾರಿಗೆ ಒಂದು ದಿನವೂ ಕಾಯುವ ಶಕ್ತಿಯಿಲ್ಲ, ಕಂತು ಮಾತ್ರ ತಿಂಗಳು ತಿಂಗಳೂ ಬರುತ್ತದೆ. ಹಸಿಶುಂಠಿಗೆ ಸ್ವಲ್ಪ ದಿನ ಉಂಟು, ಒಣಶುಂಠಿಗೆ ತಿಂಗಳುಗಳುಂಟು. ಒಣಗಿಸಲು ಕಣ, ಇಡಲು ಗೋದಾಮು, ಗೋದಾಮಿನ ಚೀಟಿ ನೋಡಿ ಮುಂಗಡ ಕೊಡುವ ಸಂಘ, ಈ ಮೂರೂ ಒಬ್ಬನಿಂದ ಆಗುವ ಕೆಲಸವಲ್ಲ. ಹತ್ತು ಮನೆ ಸೇರಿದರೆ ಆಗುತ್ತದೆ. 2020ರಲ್ಲಿ ಕೇಂದ್ರ ಸರಕಾರ ಸಣ್ಣ ಆಹಾರ ಘಟಕಗಳಿಗೆ ನೂರಕ್ಕೆ 35ರಷ್ಟು ಸಹಾಯಧನ ಶುರು ಮಾಡಿ, ಕರ್ನಾಟಕ ಅದಕ್ಕೆ ಇನ್ನೂ 15 ಸೇರಿಸಿದಾಗ ಅದನ್ನು ಬಳಸಿಕೊಂಡವರಲ್ಲಿ ಹೆಂಗಸರ ಗುಂಪುಗಳೂ ಇದ್ದವು.

ಹುಡುಗ ಇನ್ನೂ ಸಾಲಕ್ಕೆ ಸಹಿ ಹಾಕಿಲ್ಲ, ಬೀಗರು ಗುತ್ತಿಗೆಗೆ ಸಹಿ ಹಾಕಿಲ್ಲ. ತೀರ್ಮಾನ ಅವರದು.

ಬೈರಕುಪ್ಪೆಗೂ ಪೆರಿಕ್ಕಲ್ಲೂರಿಗೂ ಸೇತುವೆ ಬೇಕೆಂದು ಎರಡೂ ದಡದವರು ಕೇಳುತ್ತಿದ್ದಾರೆ, ಕಾಡಿನ ಪ್ರಶ್ನೆಯೂ ಅದರ ಜತೆ ಇದೆ. ಸೇತುವೆ ಆದರೆ ಸರಕು ಬೇಗ ದಾಟುತ್ತದೆ, ಒಪ್ಪಿದೆ. ಆದರೆ ಹಸಿ ಸರಕೇ ಬೇಗ ದಾಟಿದರೆ ಬೆಲೆ ಹೇಳುವವನ ಮನೆಗೆ ಇನ್ನೂ ಬೇಗ ತಲುಪುತ್ತದೆ, ಅಷ್ಟೆ. ಗಡಿಯ ರೈತರು ಅರ್ಜಿ ಬರೆಯುವಾಗ ಸೇತುವೆಯ ಕೆಳಗೆ ಇನ್ನೊಂದು ಸಾಲು ಸೇರಿಸಬೇಕು: ನಮ್ಮ ದಡದಲ್ಲೇ ಒಂದು ಕಣ, ಒಂದು ಗೋದಾಮು. ಶ್ರೀನಿವಾಸಪುರದಲ್ಲಿ ನಾವೂ ಅದನ್ನೇ ಬರೆಯಬೇಕಾಗಿದೆ.